ಅಪ್ಪ ಇಳಿಸಿದ ಪುದೀನ ಎಣ್ಣೆ

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಎಲ್ಲ ಕೆಡಲು ಶುರುವಾಯಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಭದ್ರಾವತಿಯ ಅಪ್ಪನ ಮನೆಯಿಂದ ಶಿವಮೊಗ್ಗಕ್ಕೆ ವಾಪಸ್ ಹೊರಟಿದ್ದ ನಾನು, ಬಸ್ಸು ತಪ್ಪೀತೆಂದು ಗೋಡೆ ಗಡಿಯಾರವನ್ನೇ ನೋಡುತ್ತ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದೆ. ಬಾಣಂತನಕ್ಕೆ ಬಂದಿದ್ದ ಅಕ್ಕ ನಡುಮನೆಯ ಚಾಪೆಯ ಮೇಲೆ ಕೂತು ಏಳು ವಾರದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಮಗುವಿಗೆ ಎರಡು ದಿನದಿಂದ ಮೂಗು ಕಟ್ಟಿತ್ತು. ಹಾಲು ಕುಡಿಯುವಾಗ ಗೊರಗೊರ ಸದ್ದು. ಡಾಕ್ಟರು ಫೋನಿನಲ್ಲಿ, ಉಪ್ಪುನೀರಿನ ಡ್ರಾಪ್ಸ್ ಹಾಕಿ, ತಾನಾಗೇ ಹೋಗುತ್ತದೆ ಎಂದಿದ್ದರು. ತಾನಾಗೇ ಹೋಗುತ್ತದೆ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಕಿವಿಗೂ ಚಿಕಿತ್ಸೆಯಂತೆ ಕೇಳಿಸುವುದಿಲ್ಲ.

ಅಪ್ಪ ಅಡುಗೆಮನೆಯ ಕಡೆಯಿಂದ ಬಂದರು. ಒಂದು ಕೈಯಲ್ಲಿ ಹಳೆಯ ಟಾನಿಕ್ಕಿನ ಪುಟ್ಟ ಸೀಸೆ, ಇನ್ನೊಂದರಲ್ಲಿ ಹತ್ತಿಯ ಉಂಡೆ. ಸೀಸೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಅವರೇ ಮನೆಯಲ್ಲಿ ಭಟ್ಟಿ ಇಳಿಸಿದ ಪುದೀನ ಎಣ್ಣೆ. ಅವರು ಮಗುವಿನ ಹತ್ತಿರ ಬಗ್ಗಿದ್ದನ್ನೂ ನೋಡಿದೆ. ನೋಡಿ ನಾನು ಹೇಳಿದ್ದು ಇಷ್ಟು:

"ಅಪ್ಪ, ಜಾಸ್ತಿ ಹಾಕ್ಬೇಡಿ."

ಜಾಸ್ತಿ ಬೇಡ ಎಂದರೆ ಎಷ್ಟು? ಸ್ವಲ್ಪ ಹಾಕಬಹುದು ಎಂದೇ ಅದರ ಅರ್ಥ. ಸೂಕ್ಷ್ಮಜೀವಿ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿ, ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಹೇಳುವ ಹೆಂಗಸು ಬಸ್ಸಿನ ಅವಸರದಲ್ಲಿ ಹೇಳಬಹುದಾದ ಮಾತೇ ಅದು?

ಅಪ್ಪ ಹತ್ತಿಯಿಂದ ಮಗುವಿನ ಮೂಗಿನ ಕೆಳಗೆ ಒಂದು ಸಲ ಒರೆಸಿದರು. ಮಗು ಅಳಲು ಹೊರಟಂತೆ ಬಾಯಿ ತೆರೆಯಿತು. ಅಳು ಬರಲಿಲ್ಲ. ಉಸಿರೂ ಬರಲಿಲ್ಲ. ಎದೆಯ ಏರಿಳಿತ ನಿಂತುಹೋಯಿತು. ಕೈಗಳು ಬಿಗಿದವು, ತುಟಿಯ ಸುತ್ತ ಬಣ್ಣ ಮೊದಲು ಬಿಳಿಚಿ ಆಮೇಲೆ ನೇರಳೆಗೆ ತಿರುಗಿತು. ಅಕ್ಕ ಮಗುವಿನ ಮುಖ ನೋಡಿ ನನ್ನ ಮುಖ ನೋಡಿದಳು. ನಾನು ಬ್ಯಾಗು ಬಿಸಾಕಿ ಮಗುವನ್ನು ಕಸಿದುಕೊಂಡೆ. ಚೊಂಬಿನ ನೀರಿನಲ್ಲಿ ವೇಲಿನ ತುದಿ ಅದ್ದಿ ಮೂಗಿನ ಕೆಳಗೆ ಉಜ್ಜಿ, ಜಗಲಿಗೆ ಓಡಿದೆ. ಅಕ್ಕ ಹಿಂದೆಯೇ ಬಂದು ಅಂಗಾಲಿಗೆ ಬೆರಳಿನಿಂದ ಹೊಡೆಯುತ್ತಿದ್ದಳು. ಒಂದು ಸಲ, ಇನ್ನೊಂದು ಸಲ. ಆಮೇಲೆ ಒಳಗಿನಿಂದ ಏನೋ ಕಿತ್ತುಕೊಂಡು ಬಂದಂತೆ ಮಗು ಉಸಿರೆಳೆದು ಕೂಗಿತು.

ಉಸಿರು ಎಷ್ಟು ಹೊತ್ತು ನಿಂತಿತ್ತು ಎಂಬುದರ ಬಗ್ಗೆ ನಮ್ಮ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಅಕ್ಕ ಹತ್ತು ಸೆಕೆಂಡು ಎನ್ನುತ್ತಾಳೆ. ಅಮ್ಮ ಒಂದು ನಿಮಿಷವಾದರೂ ಆಗಿತ್ತು ಎನ್ನುತ್ತಾಳೆ. ನಾನು ಬಸ್ಸಿನಲ್ಲಿ, ಪಾಠದ ನಡುವೆ, ಪಾತ್ರೆ ತೊಳೆಯುವಾಗ ಮತ್ತೆ ಮತ್ತೆ ಮನಸ್ಸಿನಲ್ಲಿ ಅದನ್ನೇ ಓಡಿಸಿ ನೋಡುತ್ತೇನೆ. ಪ್ರತಿ ಸಲ ಬೇರೆ ಲೆಕ್ಕ ಬರುತ್ತದೆ.

ಈ ಎಣ್ಣೆ ಹುಟ್ಟಿದ್ದು ಹೇಗೆ ಎಂದು ಹೇಳದಿದ್ದರೆ ಅಪ್ಪನಿಗೆ ಅನ್ಯಾಯವಾಗುತ್ತದೆ. ಹೇಳಿದರೆ ನನ್ನ ಮಾನ ಹೋಗುತ್ತದೆ. ಆದರೂ ಹೇಳುತ್ತೇನೆ.

ಎಂ.ಎಸ್ಸಿ. ಕೊನೆಯ ವರ್ಷದ ನನ್ನ ಪ್ರಾಜೆಕ್ಟು ಪುದೀನ ಎಲೆಯ ಸತ್ವದ ಬಗ್ಗೆ. ಎಲೆಯನ್ನು ಒಣಗಿಸಿ ಪುಡಿ ಮಾಡಿ ಆಲ್ಕೋಹಾಲಿನಲ್ಲಿ ನೆನೆಸಿ ಸೋಸುವುದು. ಆ ದ್ರವವನ್ನು ಬಟಾಣಿ ಗಾತ್ರದ ಕಾಗದದ ಬಿಲ್ಲೆಗಳಿಗೆ ಹೀರಿಸಿ, ಬ್ಯಾಕ್ಟೀರಿಯಾ ಹರಡಿದ ಗಾಜಿನ ತಟ್ಟೆಯ ಮೇಲಿಡುವುದು. ಮರುದಿನ ನೋಡಿದರೆ ತಟ್ಟೆಯ ತುಂಬ ಬ್ಯಾಕ್ಟೀರಿಯಾ ಮಂಜಿನಂತೆ ಬೆಳೆದಿರುತ್ತದೆ, ಬಿಲ್ಲೆಗಳ ಸುತ್ತ ಮಾತ್ರ ತಿಳಿಯಾದ ಉಂಗುರ. ಅಲ್ಲಿ ಏನೂ ಬೆಳೆದಿರುವುದಿಲ್ಲ. ಪುದೀನದ ಎಣ್ಣೆಯಂಥ ಅಂಶಗಳು ಬ್ಯಾಕ್ಟೀರಿಯಾದ ಹೊರಪೊರೆಯೊಳಗೆ ನುಸುಳಿ ಅದನ್ನು ತೂತು ಮಾಡುತ್ತವೆ, ಒಳಗಿನದು ಸೋರಿಹೋಗುತ್ತದೆ. ಗಿಡ ಇದನ್ನೆಲ್ಲ ತಯಾರಿಸುವುದು ತನ್ನ ಎಲೆಗೆ ಬರುವ ಹುಳುವಿಗಾಗಿ, ಬೂಷ್ಟಿಗಾಗಿ. ನಮ್ಮ ನೆಗಡಿಯ ಪರಿಚಯ ಅದಕ್ಕಿಲ್ಲ.

ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವರು. ಐಟಿಐ ಓದಿದವರು. ನನ್ನ ಪ್ರಾಜೆಕ್ಟಿನ ಪುಸ್ತಕ ಇಂಗ್ಲಿಷಿನಲ್ಲಿದೆಯೆಂದು ನನ್ನಿಂದಲೇ ಕನ್ನಡದಲ್ಲಿ ಹೇಳಿಸಿಕೊಂಡು, ತಮ್ಮ ಹಳೆಯ ಶಿಫ್ಟ್ ಪುಸ್ತಕದ ಖಾಲಿ ಹಾಳೆಗಳಲ್ಲಿ ಬರೆದುಕೊಂಡಿದ್ದರು. ಅದರಲ್ಲಿ ಎರಡು ಸಲ ಅಡಿಗೆರೆ ಎಳೆದ ಒಂದು ಸಾಲಿದೆ: ಸತ್ವ ಹೆಚ್ಚಿದಷ್ಟೂ ಉಂಗುರ ದೊಡ್ಡದು. ಹೇಳಿದ್ದು ನಾನೇ. ತಟ್ಟೆಯ ಮಟ್ಟಿಗೆ ನಿಜವೂ ಹೌದು.

ತಟ್ಟೆಯ ಫೋಟೊವನ್ನು ಅವರು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಬಸವಣ್ಣನ ಪಟದ ಪಕ್ಕದಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ಅದರ ವಿವರಣೆ. ತಟ್ಟೆ ದುಂಡಗೆ, ಚೌಕಟ್ಟು ಚೌಕ. ಫ್ರೇಮಿನ ಅಂಗಡಿಯವನು ಅಂದ ಕಾಣಲೆಂದು ಅಂಚುಗಳನ್ನು ಕತ್ತರಿಸಿದ್ದ. ಹಾಗೆ ಕತ್ತರಿಸಿಹೋದ ಅಂಚಿನಲ್ಲಿ ಐದನೇ ಬಿಲ್ಲೆಯಿತ್ತು. ಅದರಲ್ಲಿ ಪುದೀನ ಇರಲಿಲ್ಲ, ಬರೀ ಆಲ್ಕೋಹಾಲ್. ಅದರ ಸುತ್ತಲೂ ಉಂಗುರ ಬಂದಿತ್ತು. ಚಿಕ್ಕದು, ಆದರೂ ಬಂದಿತ್ತು. ಅಂದರೆ ಉಳಿದ ನಾಲ್ಕು ಉಂಗುರಗಳಲ್ಲಿ ಒಂದು ಪಾಲು ಆಲ್ಕೋಹಾಲಿನದು. ಪ್ರಾಜೆಕ್ಟಿನ ಪುಸ್ತಕದಲ್ಲಿ ಇದನ್ನು ಬರೆದಿದ್ದೇನೆ. ಅಪ್ಪನಿಗೆ ಕನ್ನಡದಲ್ಲಿ ಹೇಳುವಾಗ ಆ ಪುಟ ಹಾರಿಸಿದೆ. ಪಟ ಮನೆಗೆ ಬಂದಾಗ ಅಂಚು ಹೋಗಿರುವುದು ಕಂಡಿತ್ತು, ಸುಮ್ಮನಿದ್ದೆ. ಅಪ್ಪ ಅಷ್ಟು ಖುಷಿಯಾಗಿದ್ದರು.

ನಿವೃತ್ತಿಯಾದ ಮೇಲೆ ಅವರಿಗೆ ಆವಿಯಿಲ್ಲದೆ ಕೈ ಆಡಲಿಲ್ಲ ಅನಿಸುತ್ತದೆ. ತಾರಸಿಯ ಮೇಲೆ ಪೇಂಟಿನ ಡಬ್ಬಗಳಲ್ಲಿ ಪುದೀನ ಬೆಳೆಸಿದರು. ಅಮ್ಮನ ದೊಡ್ಡ ಕುಕ್ಕರಿನ ವೆಯ್ಟ್ ತೆಗೆದು, ಅಲ್ಲಿಗೆ ಫ್ರಿಜ್ ರಿಪೇರಿಯವರ ಹತ್ತಿರ ಸಿಕ್ಕಿದ ತಾಮ್ರದ ಕೊಳವೆ ಜೋಡಿಸಿ, ಕೊಳವೆಯನ್ನು ಸುರುಳಿ ಮಾಡಿ ಬಕೆಟ್ಟಿನ ತಣ್ಣೀರಿನಲ್ಲಿ ಮುಳುಗಿಸಿದರು. ಕುಕ್ಕರಿನೊಳಗೆ ಎಲೆ, ನೀರು. ಇನ್ನೊಂದು ತುದಿಯಲ್ಲಿ ಹನಿಹನಿಯಾಗಿ ಇಳಿಯುವ ಪುದೀನ ನೀರು, ಅದರ ಮೇಲೆ ಕಂಡೂ ಕಾಣದಂಥ ಎಣ್ಣೆಯ ಪೊರೆ. ಅದನ್ನು ಡ್ರಾಪರಿನಿಂದ ಎತ್ತಿ ಸೀಸೆಗೆ ತುಂಬುತ್ತಿದ್ದರು. ಇಡೀ ಬುಟ್ಟಿ ಎಲೆಗೆ ಕೆಲವು ಹನಿ. ಆರು ತಿಂಗಳು ಅಮ್ಮ ಸಣ್ಣ ಕುಕ್ಕರಿನಲ್ಲೇ ಬೇಳೆ ಬೇಯಿಸಿದಳು. ನಾನು ಬಂದಾಗಲೆಲ್ಲ ಆ ಸೀಸೆ ಮೂಸಿ, ಚೆನ್ನಾಗಿದೆ ಅಪ್ಪ ಎನ್ನುತ್ತಿದ್ದೆ.

ಅವತ್ತು ಡಾಕ್ಟರಿಗೆ ಫೋನ್ ಮಾಡಿದ ಕೂಡಲೇ ಅವರು ಮಗುವನ್ನು ಕರೆತನ್ನಿ ಎಂದರು. ಆಸ್ಪತ್ರೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ. ಎದುರುಮನೆಯ ಮಾಮ ಕಾರು ತೆಗೆದರು. ಅಪ್ಪನ ಜೊತೆ ಬಾಯ್ಲರಿನಲ್ಲೇ ಇದ್ದವರು, ಮನೆಮಾತು ತಮಿಳು, ತುಂಬ ಒಳ್ಳೆಯವರು. ಆದರೆ ಅವರ ಕಾರು ನಲವತ್ತು ದಾಟುವುದಿಲ್ಲ. ಖಾಲಿ ತಿರುವಿನಲ್ಲೂ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಆಮೇಲೆ ತಿರುಗುವುದು. ಸ್ವಲ್ಪ ಬೇಗ ಮಾಮ ಎಂದು ಅಕ್ಕ ಹೇಳಿದಾಗ ಅವರು ಹಿಂತಿರುಗಿ ನೋಡದೆ, "ಪದರಬೇಡಮ್ಮ, ಗಾಬರಿ ಆಗ್ಬೇಡ, ಪಾಪ ಅಳ್ತಾ ಇದೆ ಅಲ್ವಾ? ಅಳೋ ತನಕ ಒಳ್ಳೇದು" ಎಂದರು. ಮಗು ಅಳು ನಿಲ್ಲಿಸಿದಾಗಲೆಲ್ಲ ಅಕ್ಕ ಅದನ್ನು ಚಿವುಟಿ ಅಳಿಸುತ್ತಿದ್ದಳು. ಶಿವಮೊಗ್ಗ ತಲುಪುವವರೆಗೂ ಚಿವುಟಿದಳು. ಅಪ್ಪ ಮುಂದಿನ ಸೀಟಿನಲ್ಲಿ ಸೀಸೆಯನ್ನು ಮುಷ್ಟಿಯಲ್ಲಿಟ್ಟುಕೊಂಡು ಕೂತಿದ್ದರು. ಡಾಕ್ಟರಿಗೆ ತೋರಿಸಬೇಕಲ್ಲ ಎಂದು ತಂದಿದ್ದರಂತೆ. ಅವರ ಕೆಲಸದ ಅಭ್ಯಾಸ ಅದು. ಏನು ಒಡೆದರೂ ಒಡೆದ ಭಾಗವನ್ನು ಎಸೆಯಬಾರದು, ಮೇಲಿನವರಿಗೆ ತೋರಿಸಬೇಕು.

ಆಸ್ಪತ್ರೆಯಲ್ಲಿ ಮಗುವಿನ ಪಾದಕ್ಕೆ ಕೆಂಪು ದೀಪದ ಪುಟ್ಟ ಕ್ಲಿಪ್ಪು ಹಾಕಿದರು. ಆಮ್ಲಜನಕದ ಅಂಕೆ ಸರಿಯಾಗಿದೆ ಎಂದು ನರ್ಸ್ ಹೇಳಿದಳು. ಆಮೇಲೆ ಡಾಕ್ಟರು ಬಂದರು, ಐವತ್ತು ದಾಟಿದ ಹೆಂಗಸು, ಎಲ್ಲರನ್ನೂ ಸಮಾನವಾಗಿ ಬೈಯುವವರು.

"ಏನು ಹಚ್ಚಿದ್ರಿ?"

ಪುದೀನ ಎಣ್ಣೆ ಎಂದಳು ಅಕ್ಕ. ಯಾವ ಕಂಪನಿದು ಎಂದು ಕೇಳಿದರು.

"ಕಂಪನಿ ಇಲ್ಲ ಮೇಡಂ, ನಾನೇ ಇಳಿಸಿದ್ದು" ಎಂದರು ಅಪ್ಪ. ಪಾಪ, ಪ್ರಶ್ನೆ ಕೇಳಿದ್ದಾರೆ, ಪೂರ್ತಿ ಉತ್ತರ ಕೊಡಬೇಕು ಎಂದುಕೊಂಡು ಕುಕ್ಕರಿನಿಂದ ಶುರು ಮಾಡಿದರು. ಸುರುಳಿಯವರೆಗೆ ಬಂದಾಗ ಡಾಕ್ಟರು ಕೈ ಎತ್ತಿ ತಡೆದರು.

"ಇಷ್ಟು ಜನ ಇದೀರಿ. ಮನೇಲಿ ಓದಿದವರು ಯಾರೂ ಇಲ್ವಾ?"

ಅಮ್ಮ ನನ್ನ ಕಡೆ ಕೈ ತೋರಿಸಿದಳು. "ಇವಳಿದಾಳಲ್ಲ ಮೇಡಂ. ಪುದೀನದ ಮೇಲೇ ಓದಿರೋದು."

ಅಮ್ಮ ಚುಚ್ಚಲು ಹೇಳಿದ್ದಲ್ಲ. ನನ್ನನ್ನು ಪರಿಚಯಿಸಿದಳು, ಅಷ್ಟೆ. ಡಾಕ್ಟರು ನನ್ನನ್ನು ನೋಡಿದ ನೋಟವನ್ನು ನಾನು ವಿವರಿಸಲಾರೆ. ಆಮೇಲೆ ಅವರು ಅಪ್ಪನನ್ನು ಬಿಟ್ಟು ನನಗೊಬ್ಬಳಿಗೇ ಪಾಠ ಹೇಳಿದರು. ಮೆಂಥಾಲ್ ಏನನ್ನೂ ತಣ್ಣಗೆ ಮಾಡುವುದಿಲ್ಲ, ತಣ್ಣಗಿದೆ ಎಂದು ನರಗಳಿಗೆ ಅನಿಸುವಂತೆ ಮಾಡುತ್ತದೆ, ಅಷ್ಟೆ. ನಮಗೆ ಮೂಗು ತೆರೆದಂತಾಗುವುದೂ ಬರೀ ಅನಿಸಿಕೆ, ಮೂಗು ಕಟ್ಟಿದಷ್ಟೇ ಕಟ್ಟಿರುತ್ತದೆ. ಹಸುಗೂಸಿಗೆ ಮಾತ್ರ ಆ ಘಾಟು ಮೂಗಿಗೆ ಬಡಿದ ಕೂಡಲೇ ಗಂಟಲು ಬಿಗಿದು ಉಸಿರೇ ನಿಲ್ಲಬಹುದು. ಎರಡು ವರ್ಷದ ಒಳಗಿನ ಮಕ್ಕಳ ಮುಖದ ಹತ್ತಿರ ಇಂಥದ್ದನ್ನು ಸುಳಿಸಲೇಬಾರದು. ಅಲ್ಲದೆ ಮಗುವಿನ ನೆಗಡಿ ವೈರಸ್ಸಿನದು, ಬ್ಯಾಕ್ಟೀರಿಯಾ ಕೊಂದು ಏನು ಮಾಡುತ್ತೀರಿ?

ಇದರಲ್ಲಿ ಮುಕ್ಕಾಲು ಪಾಲು ನನಗೆ ಗೊತ್ತಿತ್ತು. ಅದೇ ನನ್ನ ಉರಿ. ಗೊತ್ತಿಲ್ಲದ ವಿಷಯಕ್ಕೆ ಬೈಸಿಕೊಂಡರೆ ಕಲಿತೆವು ಎಂದಾದರೂ ಆಗುತ್ತದೆ.

ಮರುದಿನದವರೆಗೆ ಮಗುವನ್ನು ಅಲ್ಲೇ ಇರಿಸಿಕೊಂಡರು. ಸೋಮವಾರ ಅಕ್ಕನ ಬಟ್ಟೆ, ಮಗುವಿನ ಬಟ್ಟೆ ತರಲು ನಾನು ಭದ್ರಾವತಿಗೆ ಹೋಗಿದ್ದೆ. ದಾರಿಯುದ್ದಕ್ಕೂ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ನಾವು ಚಟ್ನಿಗೆ, ಪಲಾವಿಗೆ ಹಾಕುವ ಪುದೀನದಲ್ಲಿ ಮೆಂಥಾಲ್ ಇರುವುದು ನಾಮಕಾವಾಸ್ತೆ. ಅದರ ಪರಿಮಳ ಕಾರ್ವೋನ್ ಎಂಬ ಬೇರೆ ಪದಾರ್ಥದ್ದು. ಮೆಂಥಾಲ್ ಮುಖ್ಯವಾಗಿ ಸಿಗುವುದು ಇನ್ನೊಂದು ಜಾತಿಯ ಗಿಡದಲ್ಲಿ. ಅಪ್ಪನ ತಾರಸಿಯ ಎಲೆಯಿಂದ ಮಗುವಿನ ಉಸಿರು ನಿಲ್ಲಿಸುವಷ್ಟು ಘಾಟು ಬಂದದ್ದು ಎಲ್ಲಿಂದ?

ಕಪಾಟಿನಲ್ಲಿ ಟವೆಲ್ ಹುಡುಕುವಾಗ ಕಾಗದದ ಪೊಟ್ಟಣ ಸಿಕ್ಕಿತು. ಬಿಡಿಸಿದೆ. ಸೂಜಿಯಂಥ ಬಿಳಿ ಹರಳು, ಕಣ್ಣಲ್ಲಿ ನೀರು ಬರಿಸುವ ವಾಸನೆ. ಗ್ರಂಥಿಗೆ ಅಂಗಡಿಯವರು ಇದನ್ನು ಪುದೀನ ಹೂವು ಎನ್ನುತ್ತಾರೆ. ಇದು ಹೂವೂ ಅಲ್ಲ, ಎಲೆಯೂ ಅಲ್ಲ. ಅಚ್ಚ ಮೆಂಥಾಲ್.

ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಹೋದ ತಿಂಗಳು ಶಿವಮೊಗ್ಗದ ಕೋಟೆಯ ದೇವಸ್ಥಾನಕ್ಕೆ ಬಂದಾಗ ಅಲ್ಲೇ ಅಂಗಡಿಯಲ್ಲಿ ತಗೊಂಡರು, ಎಣ್ಣೆಗೆ ಬೆರೆಸುವುದಕ್ಕೆ ಎಂದಳು. ಯಾಕೆ ಬೆರೆಸಬೇಕಿತ್ತು ಎಂದೆ. ಅಮ್ಮನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು.

"ನೀನೇ ಹೇಳ್ದೆಯಂತಲ್ಲ ಮಾರಾಯ್ತಿ. ನಮ್ಮ ಪುದೀನದಲ್ಲಿ ಅದೇನೋ ಕಮ್ಮಿ ಇದೆ ಅಂತ."

ಹೇಳಿದ್ದೆ. ಉತ್ತರಪತ್ರಿಕೆ ತಿದ್ದುತ್ತ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದಾಗ ಅಪ್ಪ, ಎಣ್ಣೆ ಮೂಗಿಗೆ ಅಷ್ಟು ಹೊಡೆಯುವುದಿಲ್ಲ, ಯಾಕಿರಬಹುದು ಎಂದು ಕೇಳಿದ್ದರು. ನಮ್ಮ ಪುದೀನದ ಜಾತಿಯಲ್ಲಿ ಮೆಂಥಾಲ್ ಇಲ್ಲ ಅಪ್ಪ, ಅದಕ್ಕೇ ಎಂದಿದ್ದೆ. ನಾನು ಹೇಳಿದ್ದು ಮಾಹಿತಿ. ಅವರಿಗೆ ಕೇಳಿಸಿದ್ದು ದೋಷ. ನೀರಿನಲ್ಲಿ ಏನಾದರೂ ಕಮ್ಮಿಯಾದರೆ ಬಾಯ್ಲರಿಗೆ ಲೆಕ್ಕ ಹಾಕಿ ರಾಸಾಯನಿಕ ಬೆರೆಸುತ್ತಿದ್ದ ಮನುಷ್ಯ ಇಲ್ಲೂ ಅದನ್ನೇ ಮಾಡಿದ್ದರು. ಸತ್ವ ಹೆಚ್ಚಿದಷ್ಟೂ ಉಂಗುರ ದೊಡ್ಡದು. ಅವರು ಎಲ್ಲೂ ದಡ್ಡತನ ಮಾಡಿರಲಿಲ್ಲ. ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಪಾಲಿಸಿದ್ದರು. ನಡುಮನೆಯಲ್ಲಿ ಟವೆಲ್ ಹಿಡಿದು ನಿಂತು ನನಗೆ ನನ್ನ ಮೇಲೆ, ಅಪ್ಪನ ಮೇಲೆ, ಆ ಅಂಗಡಿಯ ಮೇಲೆ, ಉತ್ತರಪತ್ರಿಕೆಗಳ ಮೇಲೆ ಒಟ್ಟಿಗೆ ಸಿಟ್ಟು ಬಂತು. ಪೊಟ್ಟಣವನ್ನು ಬಚ್ಚಲಿಗೆ ಸುರಿದೆ. ಎರಡು ದಿನ ಬಚ್ಚಲಿಗೆ ಹೋದವರಿಗೆಲ್ಲ ಕಣ್ಣೀರು.

ಮಗು ಮನೆಗೆ ಬಂತು. ಸುದ್ದಿ ಮಗುವಿಗಿಂತ ಮೊದಲೇ ಬಂದಿತ್ತು. ನೋಡಲು ಬಂದವರಲ್ಲಿ ಒಬ್ಬರಾದರೂ ಮಗುವಿನ ಮುಖಕ್ಕೆ ಏನೂ ಹಚ್ಚಬೇಡಿ ಎನ್ನುತ್ತಾರೇನೋ ಎಂದು ನಾನು ಕಾದೆ. ಪುದೀನ ಹಾಕಿದ್ದು ತಪ್ಪು ಎಂದು ಎಲ್ಲರೂ ಒಪ್ಪಿದರು. ದೊಡ್ಡಪತ್ರೆ ಹಾಕಬೇಕಿತ್ತು ಎಂದರು ಒಬ್ಬರು. ಅದನ್ನು ಕೆಂಡದಲ್ಲಿ ಬಾಡಿಸಿ ರಸ ಹಿಂಡಿ ಮೂಗಿಗೆ ಎರಡು ಹನಿ. ಇನ್ನೊಬ್ಬರು, ದೊಡ್ಡಪತ್ರೆ ಉಷ್ಣ, ತುಳಸಿಯೇ ಸರಿ ಎಂದರು. ಮೂರನೆಯವರು ಬೆಳ್ಳುಳ್ಳಿ ಸಿಪ್ಪೆಯ ಹೊಗೆ. ಅವರವರಲ್ಲೇ ಜಗಳ ಹತ್ತಿತು. ಉಪ್ಪುನೀರಿನ ಡ್ರಾಪ್ಸ್ ಸಾಕು ಎಂದು ನಾನು ಹೇಳಿದಾಗ ಮೂವರೂ ಒಂದಾಗಿ, ಉಪ್ಪುನೀರಲ್ಲಿ ಏನಿದೆ ಸತ್ವ ಎಂದು ನನ್ನ ಮೇಲೆ ಬಿದ್ದರು. ಹೊರಡುವಾಗ ದೂರದ ಅತ್ತೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಆ ಎಣ್ಣೆ ಇನ್ನೂ ಇದೆಯಾ, ನನ್ನ ಮಂಡಿನೋವಿಗೆ ಸ್ವಲ್ಪ ಕೊಡು ಎಂದರು. ಅದೇ ವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಪುದೀನದ ಹತ್ತು ಲಾಭಗಳು ಎಂಬ ಸಂದೇಶ ಬಂತು. ಕಳಿಸಿದವರು ಅವರೇ.

ಅಪ್ಪ ಮಾತ್ರ ಮಗು ಇರುವ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಸ್ನಾನವಾದ ಮೇಲೆ ದಿನಾ ಮಗುವಿನ ಹಣೆಗೆ ವಿಭೂತಿ ಹಚ್ಚುತ್ತಿದ್ದವರು ಈಗ ಬಟ್ಟಲನ್ನು ಅಮ್ಮನ ಕೈಗೆ ಕೊಟ್ಟು ಹೊರಗೆ ನಿಲ್ಲುತ್ತಿದ್ದರು. ಪುದೀನದ ಗಿಡಗಳನ್ನೆಲ್ಲ ಕಿತ್ತುಹಾಕಿದ್ದರು. ಗಿಡದ ತಪ್ಪೇನಿತ್ತು? ಕುಕ್ಕರನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು ಅಮ್ಮನಿಗೆ ವಾಪಸ್ ಕೊಟ್ಟರು. ಅಮ್ಮ ಅದರಲ್ಲಿ ಮಾಡಿದ ಅನ್ನಕ್ಕೂ ಪುದೀನದ ವಾಸನೆಯೇ.

ಆ ಶನಿವಾರ ನಾನು ತಾರಸಿಗೆ ಹೋದೆ. ಅಪ್ಪ ಖಾಲಿ ಡಬ್ಬಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು. ನಾನು ಕತ್ತರಿಸಿಹೋದ ಬಿಲ್ಲೆಯ ವಿಷಯ ಹೇಳಿದೆ. ಹಾರಿಸಿದ ಪುಟದ ವಿಷಯವನ್ನೂ ಹೇಳಿದೆ. ತಟ್ಟೆಗೆ ಮೂಗಿಲ್ಲ, ಗಂಟಲಿಲ್ಲ, ತಟ್ಟೆಯಲ್ಲಿ ಆದದ್ದೆಲ್ಲ ಮನುಷ್ಯರಲ್ಲಿ ಆಗುವುದಿಲ್ಲ ಎಂಬುದು ನಮ್ಮ ಮೊದಲ ಪಾಠ, ಅದನ್ನು ನಿಮಗೆ ಹೇಳಲೇ ಇಲ್ಲ ಎಂದೆ. ಅವರು ಡಬ್ಬ ಜೋಡಿಸುವುದನ್ನು ನಿಲ್ಲಿಸಲಿಲ್ಲ.

"ಹಂಗಾದ್ರೆ ನೀನು ಮಾಡಿದ್ದು ಸುಳ್ಳಾ?"

"ಸುಳ್ಳಲ್ಲ ಅಪ್ಪ. ನಾನು ನಿಮಗೆ ಪೂರ್ತಿ ಹೇಳಲಿಲ್ಲ."

ಅವರು ಇನ್ನೊಂದು ಡಬ್ಬ ಜೋಡಿಸಿ ಬಾಯ್ಲರಿನ ಕಥೆ ಹೇಳಿದರು. ಒತ್ತಡ ತೋರಿಸುವ ಮೀಟರು ಕೆಟ್ಟರೆ ತೆಗೆದು ಬೇರೆ ಹಾಕುವವರೆಗೆ ಅದಕ್ಕೊಂದು ಕೆಂಪು ಚೀಟಿ ಕಟ್ಟುತ್ತಿದ್ದರಂತೆ. ಮುಂದಿನ ಶಿಫ್ಟಿಗೆ ಬರುವವನು ಮುಳ್ಳು ನೋಡಿ ನಂಬಬಾರದಲ್ಲ, ಅದಕ್ಕೆ. ಒಂದು ಸಲ ಚೀಟಿ ಕಟ್ಟುವುದನ್ನು ಯಾರೋ ಮರೆತು, ಎದುರುಮನೆಯ ಮಾಮನ ಎಡಗೈ ಆವಿಯಲ್ಲಿ ಬೆಂದಿತ್ತು. ಮಾಮನ ಕೈಯ ಕಲೆ ನಾನು ಚಿಕ್ಕಂದಿನಿಂದ ನೋಡಿದ್ದೇನೆ, ಕಾರಣ ಕೇಳಿರಲಿಲ್ಲ.

"ನೀನು ಚೀಟಿ ಕಟ್ಬೇಕಿತ್ತು" ಎಂದರು ಅಪ್ಪ. "ನಾನು ಮುಳ್ಳು ನೋಡಿ ನಂಬಿದೆ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಮೂಗಿಗೆ ಒರೆಸಿದ್ದು ನೀವು, ನಾನಲ್ಲ ಎನ್ನಬಹುದಿತ್ತು. ಅವರೇ ಮುಂದುವರಿಸಿ, ಕೇಳದೆ ಬೆರೆಸಿದ್ದು ನನ್ನ ತಪ್ಪು, ಒಂದು ಫೋನ್ ಮಾಡಬಹುದಿತ್ತು ಎಂದು ಅದನ್ನೂ ಕಿತ್ತುಕೊಂಡರು. ಕೆಳಗೆ ಹೋಗಿ ಪಟ ಇಳಿಸಿ ನನ್ನ ಬ್ಯಾಗಿನ ಪಕ್ಕ ಇಟ್ಟರು. ಅದು ಈಗ ಶಿವಮೊಗ್ಗದ ವಿನೋಬನಗರದ ನನ್ನ ಬಾಡಿಗೆ ಮನೆಯ ಅಟ್ಟದ ಮೇಲಿದೆ.

ಅಷ್ಟಾದ ಮೇಲೆ ಮನೆ ತಣ್ಣಗಾಗುತ್ತದೆ ಎಂದುಕೊಂಡಿದ್ದೆ. ಅಪ್ಪ ಹೊಸ್ತಿಲು ದಾಟಿದರು ನಿಜ, ಆದರೆ ಶಿಫ್ಟ್ ಪಟ್ಟಿ ಹಿಡಿದುಕೊಂಡು. ಮಗುವಿನ ಉಸಿರು ಕಾಯಬೇಕು, ಇಪ್ಪತ್ನಾಲ್ಕು ಗಂಟೆಯೂ. ಡಾಕ್ಟರು ಏನೂ ಬೇಕಾಗಿಲ್ಲ ಎಂದಿದ್ದರು. ಕ್ಲಿಪ್ಪಿನ ಅಂಕೆಗಳು, ಎದೆಯ ಸದ್ದು, ಎಲ್ಲ ಸರಿಯಿದೆ, ಘಾಟು ಹೋದ ಮೇಲೆ ಅಪಾಯವೂ ಹೋಯಿತು ಎಂದು ಮೂರು ಸಲ ಹೇಳಿ ಕಳಿಸಿದ್ದರು. ಆದರೆ ಒಮ್ಮೆ ನಿಂತದ್ದನ್ನು ಕಣ್ಣಾರೆ ಕಂಡವರಿಗೆ ಈ ಮಾತು ಕಿವಿಗೆ ಹೋಗುತ್ತದೆ, ಎದೆಗೆ ಹೋಗುವುದಿಲ್ಲ. ರಾತ್ರಿಯನ್ನು ಎ, ಬಿ, ಸಿ ಎಂದು ಮೂರು ಪಾಲು ಮಾಡಿದರು. ಎ ಶಿಫ್ಟ್ ಅಮ್ಮನದು, ಬಿ ಅಪ್ಪನದು, ಸಿ ಅಕ್ಕನದು. ಅಕ್ಕನ ಗಂಡ ಊರಿನಿಂದ ದಿನಕ್ಕೆ ಎಂಟು ಸಲ ಫೋನ್ ಮಾಡಿ, ಉಸಿರಾಡ್ತಿದೆಯಾ ಎಂದೇ ಮಾತು ಶುರು ಮಾಡುತ್ತಿದ್ದರು.

ಕಾವಲು ಕಾಯುವವರಿಗೆ ನಿದ್ದೆಯಿಲ್ಲ, ಕಾಯದವರಿಗೂ ಇಲ್ಲ. ಅಮ್ಮ ತನ್ನ ಪಾಳಿಯಲ್ಲಿ ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಬೆರಳು ತಣ್ಣಗಿದ್ದರೆ ಮಗು ಎದ್ದು ಅಳುತ್ತಿತ್ತು. ಅಪ್ಪ ಉಸಿರು ಎಣಿಸಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಹಸುಗೂಸು ಉಸಿರಾಡುವುದು ಒಂದೇ ಸಮನಲ್ಲ, ನಾಲ್ಕು ಬೇಗ ಎಳೆದು, ತುಸು ನಿಲ್ಲಿಸಿ, ಮತ್ತೆ ಎಳೆಯುತ್ತದೆ, ಅದು ಸಹಜ. ಆ ತುಸು ನಿಲ್ಲಿಸುವಲ್ಲಿ ಅಪ್ಪ ಪ್ರತಿ ಸಲ ಎಲ್ಲರನ್ನೂ ಎಬ್ಬಿಸುತ್ತಿದ್ದರು. ಮೂರನೇ ದಿನದ ಹೊತ್ತಿಗೆ ಅಕ್ಕನ ಹಾಲು ಕಮ್ಮಿಯಾಯಿತು, ಮಗು ಹಗಲೆಲ್ಲ ಕಿರಿಕಿರಿ. ಅಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಇದೆಲ್ಲ ಬೇಕಾಗಿಲ್ಲ ಎಂದು ನಾನು ಫೋನಿನಲ್ಲಿ ಕೂಗಾಡಿದೆ. ನೀನು ಹೇಳಿದ್ದನ್ನು ಕೇಳಿ ಆಗಿದೆಯಲ್ಲ ಎಂದಳು ಅಕ್ಕ. ಫೋನ್ ಇಟ್ಟೆ. ಕಾಲೇಜು ಮುಗಿಸಿ ಬಸ್ಸು ಹತ್ತಿದೆ. ಅಂದಿನಿಂದ ಸಿ ಶಿಫ್ಟ್ ನನ್ನದಾಯಿತು. ಬೆಳಿಗ್ಗೆ ಭದ್ರಾವತಿಯಿಂದ ಬಸ್ಸು, ಇಡೀ ದಿನ ಪಾಠ, ಸಂಜೆ ಮತ್ತೆ ಬಸ್ಸು. ಕಾವಲು ಬೇಡ ಎಂದು ವಾದಿಸುವ ನಾನೇ ಮಗುವಿನ ಎದೆ ನೋಡುತ್ತ ಕೂತಾಗ ಕಣ್ಣು ಮಿಟುಕಿಸಲು ಹೆದರುತ್ತಿದ್ದೆ. ತುಟಿಯ ಸುತ್ತಲಿನ ಆ ನೇರಳೆ ಬಣ್ಣ ಕಾಣುತ್ತಿತ್ತು. ಬಲ್ಬಿನ ಬೆಳಕಿನಲ್ಲಿ ಎಲ್ಲವೂ ನೇರಳೆಯೇ.

ಹೀಗೆ ಹನ್ನೊಂದು ದಿನ.

ಹನ್ನೆರಡನೆಯ ದಿನ ಮಗುವಿಗೆ ಲಸಿಕೆಯಿತ್ತು. ನಾವು ನಾಲ್ವರೂ ಸವಳಂಗ ರಸ್ತೆಗೆ ಹೋದೆವು. ಡಾಕ್ಟರು ಮಗುವನ್ನು ನೋಡಿ ತೂಕ ಹಾಕಿದರು. ಆಮೇಲೆ ಒಬ್ಬೊಬ್ಬರ ಮುಖವನ್ನೂ ನೋಡಿ, ಕಾಯಿಲೆ ಯಾರಿಗೆ ಎಂದು ಕೇಳಿದರು. ಅಪ್ಪ ಉಸಿರಿನ ಪುಸ್ತಕ ಮುಂದಿಟ್ಟರು. ಅವರು ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ಪುಟಗಳನ್ನು ನಿಜವಾಗಿಯೂ ಓದಿದರು, ಐದು ನಿಮಿಷವಾದರೂ ಆಗಿರಬೇಕು. ಹೊರಗೆ ಕಾಯುತ್ತಿದ್ದ ಮಕ್ಕಳೆಲ್ಲ ಅಳುತ್ತಿದ್ದವು.

"ಹನ್ನೊಂದು ದಿನದಲ್ಲಿ ಒಂದೇ ಒಂದು ತಪ್ಪು ರೀಡಿಂಗ್ ಇಲ್ಲ" ಎಂದರು. "ಇಷ್ಟು ದಿನ ಸರಿಯಾಗಿ ಓಡಿದ ಮೆಷೀನನ್ನ ನಿಮ್ಮ ಕಾರ್ಖಾನೇಲಿ ಏನು ಮಾಡ್ತಿದ್ರಿ?"

ಅಪ್ಪ ಸ್ವಲ್ಪ ಯೋಚಿಸಿದರು. "ಕೆಲಸದ ಲೈನಿಗೆ ಬಿಡ್ತಿದ್ವಿ ಮೇಡಂ, ಪಕ್ಕ ನಿಂತು ಕಾಯ್ತಿರ್ಲಿಲ್ಲ."

"ಬಿಡಿ ಮತ್ತೆ."

ಅಪ್ಪನಿಗೆ ಅದು ಆದೇಶ, ಆ ರಾತ್ರಿಯಿಂದಲೇ ಶಿಫ್ಟ್ ನಿಂತಿತು. ಹನ್ನೊಂದು ದಿನ ನಾನು ಗಂಟಲು ಹರಿದುಕೊಂಡು ಹೇಳಿದ್ದೂ ಇದೇ. ನಾನು ಹೇಳಿದ್ದು ನರಗಳ ಬಗ್ಗೆ, ಅವರು ಹೇಳಿದ್ದು ಮೆಷೀನಿನ ಬಗ್ಗೆ, ಅಷ್ಟೇ ವ್ಯತ್ಯಾಸ. ನನಗೆ ಸಮಾಧಾನವೂ ಆಯಿತು, ಮೈಯೆಲ್ಲ ಉರಿದೂ ಹೋಯಿತು.

ಮಾರನೆಯ ದಿನ ಗುರುವಾರ. ಎಚ್ಚರವಾದಾಗ ಕಿಟಕಿಯಲ್ಲಿ ಬಿಸಿಲಿತ್ತು, ಹಾಲಿನವನು ಗೇಟು ಬಡಿಯುತ್ತಿದ್ದ.  ಮಗುವಿನ ಕೋಣೆಗೆ ಓಡಿದೆ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಪ್ಪ ಚಾಪೆಯ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅಕ್ಕನ ಒಂದು ಕೈ ಮಂಚದಿಂದ ಕೆಳಗೆ ಜೋತುಬಿದ್ದಿತ್ತು. ಎಲ್ಲರ ನಡುವೆ ಮಗು ಒಂದೇ ಎದ್ದಿತ್ತು, ಫ್ಯಾನು ನೋಡುತ್ತ ಕಾಲು ಬಡಿಯುತ್ತಿತ್ತು. ರಾತ್ರಿ ಒಮ್ಮೆ ಹಾಲು ಕೊಟ್ಟ ನೆನಪು ಅಕ್ಕನಿಗೂ ಸರಿಯಾಗಿ ಇರಲಿಲ್ಲ. ನಾನು ಉಸಿರು ಎಣಿಸಲಿಲ್ಲ. ಎಣಿಸಲು ಶುರು ಮಾಡಿ ನಾಲ್ಕಕ್ಕೆ ಬಿಟ್ಟೆ ಎನ್ನುವುದು ಹೆಚ್ಚು ಸರಿ. ಹಾಲು ತಗೊಂಡು ಬಂದು, ಯಾರನ್ನೂ ಎಬ್ಬಿಸದೆ, ಕಾಲೇಜಿಗೆ ರಜೆಯ ಮೆಸೇಜು ಹಾಕಿ ಮತ್ತೆ ಮಲಗಿದೆ.